ಶಾಸ್ತ್ರದಾನವೂ ಹಳೆಯ ಹೊತ್ತಗೆಯ ಕೊಡುಗೆಯೂ

ಕರ್ನಾಟಕದ ಶಾಸನಗಳನ್ನು ಓದುವ ಅಭ್ಯಾಸವುಳ್ಳವರಿಗೆ ದಾನವೆಂಬ ಮಾತು ಅತಿಪರಿಚಿತವಾದುದು. ಭೂದಾನ, ಗೋದಾನ, ಅನ್ನದಾನ, ನಂದಾದೀಪಕ್ಕೆ ಎಣ್ಣೆಯ ದಾನ, ಹೂದೋಟದ ದಾನ - ಹೀಗೆ ಪಟ್ಟಿ ಬೆಳೆಯುತ್ತ ಹೋಗುತ್ತದೆ. ದಾನಿಯ ವಂಶ, ದಾನದ ಮಿತಿ, ದಾನವನ್ನು ಅಳಿದವನಿಗೆ ಬರುವ ಪಾಪ, ಇವೆಲ್ಲವನ್ನೂ ಕಲ್ಲು ನಮಗೆ ತಪ್ಪದೆ ತಿಳಿಸುತ್ತದೆ. ಆದರೆ ಮನೆಯಲ್ಲಿ ಉಪಯೋಗವಿಲ್ಲದೆ ಉಳಿದ ವಸ್ತುವನ್ನು, ಅದರಲ್ಲಿಯೂ ಓದುವವರಿಲ್ಲದೆ ಮೂಲೆಗೆ ಸೇರಿದ ಹೊತ್ತಗೆಯನ್ನು, ಬೇಕಾದವರ ಕೈಗೆ ದಾಟಿಸಿದ ಕೃತ್ಯವೊಂದನ್ನು ಯಾವ ಶಾಸನಕವಿಯೂ ಹೊಗಳಿದಂತೆ ನನಗೆ ಕಂಡುಬಂದಿಲ್ಲ. ಕಲ್ಲಿಗೆ ಏರದ ಈ ಎರಡನೆಯ ಬಗೆಯ ಕೊಡುಗೆಗೆ ನಮ್ಮ ವಿದ್ಯೆಯ ಇತಿಹಾಸದಲ್ಲಿ ಸಲ್ಲಬೇಕಾದ ಸ್ಥಾನ ಸಂದಿಲ್ಲವೆಂಬುದು ನನ್ನ ಅಭಿಪ್ರಾಯ.

ಮೊದಲು ಕಲ್ಲಿಗೆ ಏರಿದ ಬಗೆಯನ್ನು ನೋಡೋಣ. ಜೈನರಲ್ಲಿ ಆಹಾರ, ಅಭಯ, ಔಷಧ, ಶಾಸ್ತ್ರ ಎಂದು ದಾನವು ನಾಲ್ಕು ವಿಧ. ಶಾಸ್ತ್ರದಾನಕ್ಕೆ ನಮ್ಮ ನಾಡಿನ ಅತ್ಯುಜ್ಜ್ವಲ ನಿದರ್ಶನ ಅತ್ತಿಮಬ್ಬೆಯದು. ತಂದೆಯಾದ ಮಲ್ಲಪನೂ ಅವನ ಸೋದರ ಪುನ್ನಮಯ್ಯನೂ ಪೊನ್ನನಿಂದ ಬರೆಯಿಸಿದ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಆಕೆ ಹಂಚಿದಳೆಂಬುದು ಪ್ರಸಿದ್ಧವಾಗಿದೆ. ರನ್ನನು 993ರಲ್ಲಿ ಮುಗಿಸಿದ ಅಜಿತಪುರಾಣವೂ, 1007ರ ಲಕ್ಕುಂಡಿಯ ಶಾಸನವೂ ಆಕೆಯ ಕೀರ್ತಿಯನ್ನು ಬಾಯ್ತುಂಬ ಹಾಡಿವೆ. ತಾಳೆಗರಿಯನ್ನು ಬೇಯಿಸಿ, ಒಣಗಿಸಿ, ಕಂಠದಿಂದ ಅಕ್ಷರ ಕೊರೆದು, ಮಸಿ ತುಂಬಿ ಒಂದು ಪುರಾಣವನ್ನು ಪ್ರತಿ ಮಾಡಲು ಒಬ್ಬ ಲಿಪಿಕಾರನಿಗೆ ತಿಂಗಳುಗಳೇ ಬೇಕು. ಅಂಥ ಸಾವಿರ ಪ್ರತಿಗಳೆಂದರೆ ಎಷ್ಟು ಜನರ ಎಷ್ಟು ದಿನಗಳ ಶ್ರಮವೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಉಳಿದುಬಂದ ಮಹಾಬಂಧದ ಪ್ರತಿಯೂ ಇದೇ ಜಾತಿಯದು. ಮಲ್ಲಿಕಬ್ಬೆಯೆಂಬ ಅರಸಿಯು ಶ್ರೀಪಂಚಮಿಯ ನೋಂಪಿಯ ಉದ್ಯಾಪನೆಗಾಗಿ ಅದನ್ನು ಬರೆಯಿಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದಳೆಂದು ಅದರ ಪ್ರಶಸ್ತಿಪದ್ಯಗಳಿಂದ ತಿಳಿದುಬರುತ್ತದೆ. ಈ ಎರಡು ನಿದರ್ಶನಗಳಲ್ಲಿಯೂ ಗಮನಿಸತಕ್ಕ ಸಂಗತಿಯೊಂದಿದೆ. ಕೊಟ್ಟದ್ದು ಹೊಸ ಪ್ರತಿ. ದಾನಕ್ಕೆಂದೇ ಬರೆಯಿಸಿದ್ದು, ಯಾರೂ ಬಳಸದಿದ್ದುದು. ಬಳಸಿದ ಪುಸ್ತಕವನ್ನು ಕೊಟ್ಟರೆ ಅದು ಶಾಸ್ತ್ರದಾನವಾಗುತ್ತದೆಯೇ ಎಂಬ ಪ್ರಶ್ನೆಯೇ ಆ ದಾನಿಗಳ ಮನಸ್ಸಿನಲ್ಲಿ ಹುಟ್ಟಿರಲಾರದು.

ಇದಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಹಳೆಯದನ್ನು ಕೊಡುವುದೆಂದರೆ ಕೀಳೆಂಬ ಭಾವನೆ ನಮ್ಮ ಪರಂಪರೆಯಲ್ಲಿ ಬಹು ಪುರಾತನವಾದುದು. ಕಠೋಪನಿಷತ್ತಿನ ಕಥೆ ಆರಂಭವಾಗುವುದೇ ಇಲ್ಲಿಂದ. ಸರ್ವಸ್ವವನ್ನೂ ಕೊಡುವ ಯಜ್ಞದಲ್ಲಿ ತಂದೆಯು ಹಾಲು ಬತ್ತಿದ ಮುದಿ ಹಸುಗಳನ್ನು ದಕ್ಷಿಣೆಯಾಗಿ ಕೊಡುತ್ತಿರುವುದನ್ನು ಕಂಡು ಬಾಲಕ ನಚಿಕೇತನು ಕಳವಳಗೊಳ್ಳುತ್ತಾನೆ. ಅವನ ಕಳವಳ ನ್ಯಾಯವಾದದ್ದು; ಯಾರ ಉಪಯೋಗಕ್ಕೂ ಬಾರದುದನ್ನು ಕೊಟ್ಟು ಪುಣ್ಯವನ್ನು ಪಡೆಯಹೊರಡುವುದು ದಾನವಲ್ಲ, ಭಾರ ಇಳಿಸಿಕೊಳ್ಳುವುದು.

ಇದಕ್ಕಿಂತ ಕಠಿನವಾದ ಮಾತು ಮನುಸ್ಮೃತಿಯ ಹತ್ತನೆಯ ಅಧ್ಯಾಯದಲ್ಲಿದೆ. ತನ್ನನ್ನು ಆಶ್ರಯಿಸಿದ ಶೂದ್ರ ಸೇವಕನಿಗೆ ಉಂಡು ಮಿಕ್ಕ ಅನ್ನ, ಜೀರ್ಣವಾದ ಬಟ್ಟೆ, ಜಳ್ಳು ಧಾನ್ಯ, ಸವೆದ ಗೃಹೋಪಕರಣಗಳು, ಇವುಗಳನ್ನು ಕೊಡತಕ್ಕದ್ದೆಂದು ಅಲ್ಲಿ ವಿಧಿಸಿದೆ. ಮನೆಯ ಹಳೆಯ ಪಾತ್ರೆ, ಹಳೆಯ ಹಾಸಿಗೆ ಇಲ್ಲಿ ಕರುಣೆಯ ವಸ್ತುಗಳಲ್ಲ. ಪಡೆಯುವವನು ಯಾರೆಂಬುದನ್ನು ಅವನಿಗೆ ನಿತ್ಯವೂ ನೆನಪಿಸುವ ಗುರುತುಗಳು. ಡಾ. ಅಂಬೇಡ್ಕರರು 1927ರ ಮಾರ್ಚಿಯಲ್ಲಿ ಮಹಾಡದ ಪರಿಷತ್ತಿನಲ್ಲಿ, ಎಸೆದ ತುಣುಕುಗಳನ್ನು ತಿನ್ನುವುದನ್ನು ಬಿಡಿರೆಂದು ತಮ್ಮ ಜನರಿಗೆ ಹೇಳಿದರು. ಅದೇ ವರ್ಷದ ಡಿಸೆಂಬರ್ 25ರಂದು ಅದೇ ಊರಿನಲ್ಲಿ ಮನುಸ್ಮೃತಿಯನ್ನು ಸುಟ್ಟರು. ಈ ಎರಡು ಘಟನೆಗಳನ್ನು ಬಿಡಿಬಿಡಿಯಾಗಿ ಬೋಧಿಸುವುದು ನಮ್ಮ ತರಗತಿಗಳಲ್ಲಿ ರೂಢಿಯಾಗಿದೆ. ಮೇಲಿನ ವಿಧಿಯನ್ನು ನಡುವೆ ಇಟ್ಟು ನೋಡಿದರೆ ಅವು ಒಂದೇ ಮಾತಿನ ಎರಡು ಭಾಗಗಳೆಂಬುದು ಸ್ಪಷ್ಟವಾಗುತ್ತದೆ. ಹಳೆಯ ವಸ್ತುವಿನ ಕೊಡುಗೆಯನ್ನು ಕುರಿತು ಬರೆಯುವವನು ಈ ಅವಮಾನದ ಇತಿಹಾಸವನ್ನು ಮರೆಮಾಚಿ ಮುಂದೆ ಹೋಗುವಂತಿಲ್ಲ.

ಆದರೆ ಹಳೆಯದರ ಬಗೆಗೆ ಬೇರೊಂದು ದೃಷ್ಟಿಯೂ ಭಾರತದಲ್ಲಿ ಇದ್ದಿತು. ಪಾಲಿಯ ವಿನಯಪಿಟಕದ ಚುಲ್ಲವಗ್ಗದಲ್ಲಿ ಒಂದು ಸೊಗಸಾದ ಪ್ರಸಂಗವಿದೆ. ಕೌಶಾಂಬಿಯ ಉದಯನರಾಜನ ಅಂತಃಪುರದ ಸ್ತ್ರೀಯರು ಆನಂದನಿಗೆ 500 ಮೇಲುವಸ್ತ್ರಗಳನ್ನು ಕೊಟ್ಟರು. ಇದನ್ನು ಕೇಳಿದ ಅರಸನಿಗೆ ಸಿಟ್ಟೇ ಬಂದಿತು. ಈ ಶ್ರಮಣನು ಬಟ್ಟೆಯ ಅಂಗಡಿಯನ್ನು ಇಡುವನೋ ಎಂದುಕೊಂಡು ಆನಂದನನ್ನೇ ಹೋಗಿ ಕೇಳಿದನು. ಚೀವರ ಹರಿದ ಭಿಕ್ಷುಗಳಿಗೆ ಹಂಚುವೆನೆಂದು ಆನಂದನು ಹೇಳಿದನು. ಹಾಗಾದರೆ ಹರಿದ ಚೀವರಗಳನ್ನು ಏನು ಮಾಡುವಿರಿ? ಹಾಸುಹೊದಿಕೆ ಮಾಡುವೆವು. ಹಳೆಯ ಹೊದಿಕೆಗಳನ್ನು? ದಿಂಬುಹಾಸಿಗೆಗಳ ಗವಸು. ಹಳೆಯ ಗವಸುಗಳು ನೆಲಹಾಸಾಗುತ್ತವೆ, ನೆಲಹಾಸು ಕಾಲೊರಸಾಗುತ್ತದೆ, ಕಾಲೊರಸು ಧೂಳು ಹೊಡೆಯುವ ಬಟ್ಟೆಯಾಗುತ್ತದೆ; ಅದೂ ಸವೆದಮೇಲೆ ಚೂರುಮಾಡಿ ಕೆಸರಿನಲ್ಲಿ ಕಲಸಿ ಮೆತ್ತಲು ಬರುತ್ತದೆ. ಅರಸನು ಸಂತುಷ್ಟನಾಗಿ ಇನ್ನೂ 500 ವಸ್ತ್ರಗಳನ್ನು ಕೊಟ್ಟನಂತೆ.

ಈ ಪ್ರಸಂಗದ ಮರ್ಮ ಕೇವಲ ಮಿತವ್ಯಯವಲ್ಲ. ಇಲ್ಲಿ ಹೊಸದನ್ನು ಉಡುವವನೂ ಹಳೆಯದನ್ನು ಬಳಸುವವನೂ ಒಂದೇ ಸಂಘದವರು; ವಸ್ತುವು ಕೆಳಗಿಳಿಯುತ್ತದೆ, ಮನುಷ್ಯನು ಇಳಿಯುವುದಿಲ್ಲ. ಮನುವಿನ ವಿಧಿಗೂ ಆನಂದನ ಉತ್ತರಕ್ಕೂ ಇರುವ ಅಂತರ ಇಷ್ಟೆ, ಆದರೆ ಅದು ಅಲ್ಪವಾದುದಲ್ಲ. ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆಗಳನ್ನು ಪದರಪದರವಾಗಿ ಹೊಲಿದು ಮಾಡುವ ಕೌದಿಯೂ ಇದೇ ಕುಲಕ್ಕೆ ಸೇರಿದ್ದು. ಹಳೆಯ ಬಟ್ಟೆಗೆ ಪಾತ್ರೆ ಕೊಡುವ ಹೆಂಗಸರು ಬೀದಿಯಲ್ಲಿ ಕೂಗುತ್ತ ಬರುತ್ತಿದ್ದುದನ್ನು ನನ್ನ ವಯಸ್ಸಿನವರು ಬಾಲ್ಯದಲ್ಲಿ ನೋಡಿದ್ದೇವೆ. ಜಗಲಿಯ ಮೇಲೆ ಅರ್ಧ ಗಂಟೆ ಚೌಕಾಸಿ ನಡೆಯುತ್ತಿತ್ತು, ಎರಡು ಕಡೆಯವರೂ ತಾವೇ ಗೆದ್ದೆವೆಂದು ಏಳುತ್ತಿದ್ದರು. ಅದರಲ್ಲಿ ಪುಣ್ಯವೂ ಇರಲಿಲ್ಲ, ದೈನ್ಯವೂ ಇರಲಿಲ್ಲ. ದೆಹಲಿಯಲ್ಲಿ 1999ರಲ್ಲಿ ಆರಂಭವಾದ ಗೂಂಜ್ ಸಂಸ್ಥೆಯು ನಗರದ ಮನೆಗಳ ಹಳೆಯ ಬಟ್ಟೆಬರೆಗಳನ್ನು ಹಳ್ಳಿಗರಿಗೆ ಭಿಕ್ಷೆಯಾಗಿ ಹಂಚದೆ, ಅವರು ತಮ್ಮ ಊರಿಗಾಗಿ ಮಾಡಿದ ಕೆಲಸಕ್ಕೆ ಪ್ರತಿಯಾಗಿ ಕೊಡುವ ಪದ್ಧತಿಯನ್ನು ಹಾಕಿಕೊಂಡಿತು. ಅದರ ಸ್ಥಾಪಕ ಅಂಶು ಗುಪ್ತರಿಗೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಹೊಸದೆಂದು ತೋರುವ ಈ ಪದ್ಧತಿ ಆ ಜಗಲಿಯ ವ್ಯಾಪಾರದಿಂದ ಬಹುದೂರವೇನೂ ಇಲ್ಲ.

ಇನ್ನು ಪುಸ್ತಕಕ್ಕೆ ಮರಳೋಣ. ಬಟ್ಟೆಯಂತೆ ಪುಸ್ತಕವು ಗವಸಾಗಿ, ನೆಲಹಾಸಾಗಿ ಇಳಿಯಲಾರದು. ಅದು ಪುಸ್ತಕವಾಗಿಯೇ ಉಳಿಯಬೇಕು, ಇಲ್ಲವೆ ಅಳಿಯಬೇಕು. ಹೀಗಿರುವಲ್ಲಿ ಓದುವವರಿಲ್ಲದ ಮನೆಯಲ್ಲಿ ಉಳಿದ ತಾಳೆಗರಿಯ ಕಟ್ಟಿನ ಗತಿಯೇನು? ನಮ್ಮ ಹವೆಯಲ್ಲಿ ತಾಳೆಗರಿ ಕೆಲವು ಶತಮಾನಗಳಿಗಿಂತ ಹೆಚ್ಚು ಬಾಳುವುದು ಅಪರೂಪ. ಅತ್ತಿಮಬ್ಬೆ ಹಂಚಿದ ಪ್ರತಿಗಳ ಪುಣ್ಯ ನಮ್ಮವರೆಗೆ ಬಂದಿರುವುದು ಪ್ರತಿಯ ಪ್ರತಿಯ ಪ್ರತಿಯಾಗಿ. ಆದ್ದರಿಂದ ಕಟ್ಟು ಒಂದೇ ಮನೆಯಲ್ಲಿ ನಿಂತರೆ ಅದರ ಆಯುಷ್ಯ ಮುಗಿದಂತೆಯೇ.

ನಿಂತ ಕಟ್ಟುಗಳಿಗೆ ಸಾಮಾನ್ಯವಾಗಿ ಎರಡು ಗತಿಗಳು ಒದಗುತ್ತಿದ್ದವು. ಮೊದಲನೆಯದು ಹೊಳೆ. ಹಳೆಯ ಗ್ರಂಥವನ್ನು ಸುಡಬಾರದು, ತುಳಿಯಬಾರದು. ನೀರಿಗೆ ಬಿಟ್ಟರೆ ದೋಷವಿಲ್ಲವೆಂಬ ನಂಬಿಕೆ. ತಮಿಳಿನ ಪ್ರಾಚೀನ ಕಾವ್ಯಗಳನ್ನು ಊರೂರು ಅಲೆದು ಸಂಗ್ರಹಿಸಿದ ಉ. ವೇ. ಸ್ವಾಮಿನಾಥ ಅಯ್ಯರ್ (1855-1942) ಅವರು, ಆಡಿ ತಿಂಗಳ ಹದಿನೆಂಟನೆಯ ದಿನದ ಹೊಸನೀರಿನ ಹಬ್ಬದಲ್ಲಿ ಹಳೆಯ ಓಲೆಗರಿಗಳನ್ನು ತಾಮ್ರಪರ್ಣಿಗೆ ತೇಲಿಬಿಟ್ಟ ಸಂಗತಿಯನ್ನು ಕೇಳಿ ಪಟ್ಟ ಸಂಕಟವನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಅಲ್ಲಿ ನಿರ್ಲಕ್ಷ್ಯವಿರಲಿಲ್ಲ, ಭಕ್ತಿಯಿದ್ದಿತು. ಅದೇ ದುಃಖದ ವಿಷಯ.

ಎರಡನೆಯ ಗತಿ ದೇವರ ಗೂಡು. ಫ. ಗು. ಹಳಕಟ್ಟಿಯವರು (1880-1964) ವಕೀಲಿ ವೃತ್ತಿಯ ನಡುವೆ ವಚನಗಳ ಕಟ್ಟುಗಳನ್ನು ಅರಸುತ್ತ ಮನೆಮನೆಗೆ ಅಲೆದಾಗ ಎದುರಿಸಿದ್ದು ಇದನ್ನೇ. ಕಟ್ಟು ಜಗಲಿಯ ಮೇಲಿದೆ, ಅದಕ್ಕೆ ನಿತ್ಯವೂ ವಿಭೂತಿ, ಹೂವು. ಬಿಚ್ಚಿ ಓದುವವರು ಮಾತ್ರ ಯಾರೂ ಇಲ್ಲ. 1923ರಲ್ಲಿ ಪ್ರಕಟವಾದ ವಚನಶಾಸ್ತ್ರಸಾರದ ಹಿಂದೆ ಅಂಥ ಅನೇಕ ಗೃಹಸ್ಥರು ಗೂಡಿನಿಂದ ತೆಗೆದು ಕೊಟ್ಟ, ಇಲ್ಲವೆ ನೋಡಗೊಟ್ಟ, ಕಟ್ಟುಗಳಿವೆ. ಮೂಡಬಿದಿರೆಯ ಧವಲಾದಿ ಗ್ರಂಥಗಳ ಕಥೆಯೂ ಹೀಗೆಯೇ. 816ರಲ್ಲಿ ವೀರಸೇನರು ಮುಗಿಸಿದ ಧವಲಾ ಟೀಕೆ ಬಹುಕಾಲ ಯಾತ್ರಿಕರ ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದಿತು. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಅದು ಅಚ್ಚಾಗತೊಡಗಿದ್ದು 1939ರಲ್ಲಿ. ಆ ಪ್ರತಿಗಳು ಉಳಿದದ್ದು ಪೂಜೆಯ ಕಾಪಿನಿಂದಲೇ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಾಪಿಟ್ಟದ್ದು ವಿದ್ಯೆಯಾದದ್ದು ಕೈ ದಾಟಿದ ಮೇಲೆಯೇ.

ಹೊಳೆಯೂ ಅಲ್ಲದ, ಗೂಡೂ ಅಲ್ಲದ ಮೂರನೆಯ ದಾರಿಗೆ ನಮ್ಮಲ್ಲಿ ಅತ್ಯಂತ ದೊಡ್ಡ ನಿದರ್ಶನ ಮೈಸೂರಿನದು. 1891ರಲ್ಲಿ ಸ್ಥಾಪಿತವಾದ ಅಲ್ಲಿನ ಸರ್ಕಾರೀ ಪ್ರಾಚ್ಯ ಪುಸ್ತಕಾಲಯಕ್ಕೆ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಗ್ರಂಥಲಿಪಿಯ ಒಂದು ತಾಳೆಗರಿಯ ಕಟ್ಟನ್ನು ಒಪ್ಪಿಸಿದರು. ಜೊತೆಗೆ ಭಟ್ಟಸ್ವಾಮಿಯ ವ್ಯಾಖ್ಯಾನದ ಒಂದು ತುಣುಕೂ ಇದ್ದಿತು. ಆರ್. ಶಾಮಶಾಸ್ತ್ರಿಗಳು ಅದನ್ನು ಪರಿಶೀಲಿಸಿ ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ, ಮೂಲವನ್ನು 1909ರಲ್ಲಿಯೂ ಆಂಗ್ಲಾನುವಾದವನ್ನು 1915ರಲ್ಲಿಯೂ ಪ್ರಕಟಿಸಿದರು. ಪ್ರಾಚೀನ ಭಾರತದ ರಾಜ್ಯವ್ಯವಸ್ಥೆಯನ್ನು ಕುರಿತು ಅದುವರೆಗೆ ಬರೆದುದೆಲ್ಲವನ್ನೂ ಮತ್ತೆ ಬರೆಯಬೇಕಾಯಿತು. ಶಾಸ್ತ್ರಿಗಳ ಹೆಸರು ಲೋಕವಿಖ್ಯಾತವಾಯಿತು, ಅದು ಉಚಿತವೇ ಸರಿ. ಕಟ್ಟನ್ನು ತಂದುಕೊಟ್ಟವರು ಮಾತ್ರ ಮುನ್ನುಡಿಯಲ್ಲಿ ಇಂದಿಗೂ ‘ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು’. ಅತ್ತಿಮಬ್ಬೆಗೆ ರನ್ನನಿದ್ದ, ಲಕ್ಕುಂಡಿಯ ಕಲ್ಲಿದ್ದಿತು. ಇವರಿಗೆ ಅರ್ಧ ವಾಕ್ಯ. ಆ ಕಟ್ಟು ಅವರಿಗೆ ಬೇಡವಾಗಿದ್ದಿತೋ, ಬೇಕಾಗಿದ್ದೂ ಕೊಟ್ಟರೋ, ಆ ಅರ್ಧ ವಾಕ್ಯದಿಂದ ತಿಳಿಯುವಂತಿಲ್ಲ. ಆದರೆ ಅದನ್ನು ಬಿಚ್ಚಿ ಓದಬಲ್ಲವರು ಇರುವ ಕಡೆಗೆ ಅದು ಸೇರಬೇಕೆಂಬ ವಿವೇಕ ಅವರಿಗೆ ಇದ್ದಿತು. ವಿದ್ಯೆಯ ದೃಷ್ಟಿಯಿಂದ ಶಾಸ್ತ್ರದಾನವೆಂಬ ಹೆಸರಿಗೆ ಇದಕ್ಕಿಂತ ಅರ್ಹವಾದ ಕೊಡುಗೆ ಯಾವುದೆಂದು ನನಗೆ ತೋರುತ್ತಿಲ್ಲ.

ಇಂಥ ಕೊಡುಗೆಗಳ ಇತಿಹಾಸವನ್ನು ಬರೆಯಲು ಆಧಾರಗಳೆಲ್ಲಿ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಆಧಾರ ಪುಸ್ತಕದ ಮೈಮೇಲೆಯೇ ಇದೆ. ತಾಳೆಗರಿಯ ಕೊನೆಯಲ್ಲಿ ಲಿಪಿಕಾರನ ಬರಹದ ಕೆಳಗೆ ಬೇರೆ ಕೈಯ ಒಡೆತನದ ಗುರುತು, ಕಾಗದದ ಪುಸ್ತಕದ ಒಳರಟ್ಟಿನ ಮೇಲೆ ಹೆಸರು ಮತ್ತು ತಾರೀಖು, ಮದುವೆಯ ಉಡುಗೊರೆಯ ಒಕ್ಕಣೆ, ಮುಚ್ಚಿಹೋದ ವಾಚನಾಲಯದ ಮುದ್ರೆ - ಇವುಗಳನ್ನು ಗ್ರಂಥಸೂಚಿ ತಯಾರಿಸುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ನನಗೆ ತಿಳಿದ ಒಂದು ಗ್ರಂಥಾಲಯದಲ್ಲಿ, ದಾನವಾಗಿ ಬಂದ ಹಳೆಯ ಪುಸ್ತಕಗಳನ್ನು ಮರುರಟ್ಟು ಹಾಕಿಸುವಾಗ ಮೊದಲ ಹಾಳೆಗಳನ್ನು ಕೊಳೆಯಾಗಿವೆಯೆಂದು ಕತ್ತರಿಸಿ ಎಸೆದರು. ಪುಸ್ತಕಗಳು ಉಳಿದವು, ಅವು ನಡೆದು ಬಂದ ದಾರಿ ಅಳಿಸಿಹೋಯಿತು. ಅಂದು ನಾನು ಸುಮ್ಮನಿದ್ದೆನೆಂಬುದನ್ನೂ ಇಲ್ಲಿ ಹೇಳಬೇಕು. ಹಾಳೆಯೊಂದರ ಬೆಲೆ ಆಗ ನನಗೂ ತಿಳಿದಿರಲಿಲ್ಲ.

ಈ ಲೇಖನವನ್ನು ಬರೆಯುವಾಗ ನನ್ನ ಮೇಜಿನ ಮೇಲೆ ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯ ಒಂದು ಹಳೆಯ ಸಂಪುಟವಿದ್ದಿತು. ನಿವೃತ್ತ ಅಧ್ಯಾಪಕರೊಬ್ಬರ ಮನೆಯವರು ಮನೆ ಬದಲಾಯಿಸುವಾಗ, ಒಂದು ಹಿತ್ತಾಳೆಯ ಮಸಿಕುಡಿಕೆ, ಎರಡು ಮರದ ವ್ಯಾಸಪೀಠಗಳೊಡನೆ ಅದನ್ನು ನನಗೆ ಕೊಟ್ಟರು. ಒಳರಟ್ಟಿನಲ್ಲಿ ಮೂರು ಹೆಸರುಗಳಿವೆ, ಮೂರು ಬಗೆಯ ಮಸಿ. ಮೊದಲನೆಯದನ್ನು ಗೆರೆ ಎಳೆದು ಹೊಡೆದು ಎರಡನೆಯವನು ತನ್ನ ಹೆಸರು ಬರೆದಿದ್ದಾನೆ. ಮೂರನೆಯವರು ಯಾವುದನ್ನೂ ಹೊಡೆಯದೆ ಕೆಳಗೆ ಸಣ್ಣದಾಗಿ ಬರೆದುಕೊಂಡಿದ್ದಾರೆ. ಅತ್ತಿಮಬ್ಬೆಯ ವಿಷಯ ಬರುವ ಪುಟದ ಅಂಚಿನಲ್ಲಿ ಸೀಸದಕಡ್ಡಿಯ ಗೆರೆಯೊಂದಿದೆ. ಆ ಮೂವರಲ್ಲಿ ಅದನ್ನು ಎಳೆದವರು ಯಾರೆಂದು ಮಸಿಯಿಂದ ಪತ್ತೆಹಚ್ಚುವಂತಿಲ್ಲ.