ಡೋರ್ನಹಳ್ಳಿ ಸಂತ ಅಂತೋಣಿ ಜಾತ್ರೆ

ಮೈಸೂರು ಜಿಲ್ಲೆ ಕೃಷ್ಣರಾಜನಗರ ತಾಲ್ಲೂಕಿನ ಡೋರ್ನಹಳ್ಳಿಯಲ್ಲಿ ಪಾದುವಾದ ಸಂತ ಅಂತೋಣಿಯವರ ಸ್ಮರಣೆಗೆ ಜೂನ್ 13ರಂದು ನಡೆಯುವ ಕ್ರೈಸ್ತ ಉತ್ಸವ. ಲಿಸ್ಬನ್‌ನಲ್ಲಿ ಹುಟ್ಟಿದ ಈ ಫ್ರಾನ್ಸಿಸ್ಕನ್ ಸನ್ಯಾಸಿ ನಿಧನರಾದದ್ದು 1231ರ ಇದೇ ದಿನ. ಹೊಲ ಉಳುತ್ತಿದ್ದ ರೈತನ ನೇಗಿಲಿಗೆ ಮರದ ಪ್ರತಿಮೆಯೊಂದು ತಗುಲಿತು, ಮೊದಲು ಬೊಂಬೆಯೆಂದು ಬಗೆದದ್ದು ಸಂತರ ವಿಗ್ರಹವೆಂದು ಅನಂತರ ತಿಳಿಯಿತು ಎಂಬುದು ಕ್ಷೇತ್ರದ ಮೂಲ ಐತಿಹ್ಯ. ಬಲಿಪೂಜೆ (ಮಾಸ್), ತೇರಿನ ಮೆರವಣಿಗೆ, ಹರಕೆ ಸಲ್ಲಿಕೆ ಮುಖ್ಯ ಆಚರಣೆಗಳು. ಸಂತರ ಹೆಸರಿನಲ್ಲಿ ಬಡವರಿಗೆ ರೊಟ್ಟಿ ಹಂಚುವ ಯುರೋಪಿನ ಪದ್ಧತಿಗೆ ಸಂವಾದಿಯಾಗಿ ಇಲ್ಲಿ ಅನ್ನಸಂತರ್ಪಣೆಯಿದೆ. ಹಿಂದೂ ಭಕ್ತರೂ ಅದರಲ್ಲಿ ಪಾಲ್ಗೊಳ್ಳುವುದು ಕ್ಷೇತ್ರದ ದೊಡ್ಡ ಹಿರಿಮೆ. ಮಂಗಳವಾರ ವಿಶೇಷ ಪ್ರಾರ್ಥನೆಯ ದಿನ. ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿದ ಇಲ್ಲಿನ ಚರ್ಚು 2019ರಲ್ಲಿ ಬೆಸಿಲಿಕಾ ಮನ್ನಣೆ ಪಡೆಯಿತು.