ಶುಶ್ರೂಷಕ–ರೋಗಿ ಅನುಪಾತ

ಶುಶ್ರೂಷಕ–ರೋಗಿ ಅನುಪಾತ ಎಂದರೆ ಆಸ್ಪತ್ರೆಯ ಒಂದು ವಾರ್ಡಿನಲ್ಲಿ, ಒಂದು ಪಾಳಿಯ ಅವಧಿಯಲ್ಲಿ, ಒಬ್ಬ ಶುಶ್ರೂಷಕರ (ದಾದಿ, ನರ್ಸ್) ಆರೈಕೆಗೆ ಒಪ್ಪಿಸಲಾಗುವ ರೋಗಿಗಳ ಸಂಖ್ಯೆ. ಇದನ್ನು 1:2, 1:5 ಎಂಬ ರೂಪದಲ್ಲಿ ಬರೆಯಲಾಗುತ್ತದೆ. ಈ ಅನುಪಾತಕ್ಕೂ ಆಸ್ಪತ್ರೆಯಲ್ಲಿ ಸಂಭವಿಸುವ ಸಾವುಗಳಿಗೂ ಸಂಬಂಧವಿರುವುದನ್ನು ಹಲವು ದೇಶಗಳಲ್ಲಿ ನಡೆದ ಅಧ್ಯಯನಗಳು ತೋರಿಸಿವೆ. ಆಸ್ಪತ್ರೆಗಳ ಎಲ್ಲ ಪ್ರಮುಖ ವಿಭಾಗಗಳಿಗೂ ಅನುಪಾತವನ್ನು ಕಾನೂನಿನ ಮೂಲಕ ಕಡ್ಡಾಯಗೊಳಿಸಿದ ಅಮೆರಿಕದ ಮೊದಲ ರಾಜ್ಯ ಕ್ಯಾಲಿಫೋರ್ನಿಯ.

ಮಹತ್ವ

ವೈದ್ಯರು ವಾರ್ಡಿಗೆ ದಿನದಲ್ಲಿ ಕೆಲವು ಬಾರಿ ಮಾತ್ರ ಭೇಟಿ ನೀಡುತ್ತಾರೆ. ಹಗಲಿರುಳು ರೋಗಿಯ ಬಳಿ ಇರುವವರು ಶುಶ್ರೂಷಕರು. ಉಸಿರಾಟದ ವೇಗ, ನಾಡಿ, ರಕ್ತದೊತ್ತಡ, ಪ್ರಜ್ಞೆಯ ಮಟ್ಟ ಇವುಗಳಲ್ಲಿ ಆಗುವ ಬದಲಾವಣೆಯನ್ನು ಮೊದಲು ಗುರುತಿಸುವವರೂ ಅವರೇ. ಒಬ್ಬರಿಗೆ 5 ರೋಗಿಗಳಿದ್ದರೆ ಗಂಟೆಯೊಂದರಲ್ಲಿ ಪ್ರತಿ ರೋಗಿಗೆ ಸರಾಸರಿ 12 ನಿಮಿಷ ದೊರೆಯುತ್ತದೆ. 10 ರೋಗಿಗಳಿದ್ದರೆ 6 ನಿಮಿಷ. ಔಷಧ ನೀಡುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ದಾಖಲೆ ಬರೆಯುವುದು ಇವೆಲ್ಲವೂ ಅದೇ ಅವಧಿಯಲ್ಲಿ ನಡೆಯಬೇಕು. ಸಮಯ ಸಾಲದಾಗ ರೋಗಿಯನ್ನು ಗಮನಿಸುವುದು, ಮಗ್ಗುಲು ಬದಲಿಸುವುದು, ಮನೆಗೆ ಹೋಗುವವರಿಗೆ ತಿಳಿವಳಿಕೆ ನೀಡುವುದು ಮುಂತಾದ ಕೆಲಸಗಳು ಬಿಟ್ಟುಹೋಗುತ್ತವೆ.

ಸೋಂಕು, ರಕ್ತಸ್ರಾವದಂತಹ ತೊಡಕು ಕಾಣಿಸಿಕೊಂಡ ಬಳಿಕ ರೋಗಿಯನ್ನು ಉಳಿಸಿಕೊಳ್ಳಲಾಗದಿರುವುದನ್ನು ‘ರಕ್ಷಣಾ ವೈಫಲ್ಯ’ ಎನ್ನಬಹುದು. ತೊಡಕು ಎಷ್ಟು ಬೇಗ ಗಮನಕ್ಕೆ ಬಂತು ಎಂಬುದು ಇದನ್ನು ಬಹುಮಟ್ಟಿಗೆ ನಿರ್ಧರಿಸುವುದರಿಂದ, ಶುಶ್ರೂಷಕರ ಕೊರತೆಯ ಪರಿಣಾಮವನ್ನು ಅಳೆಯಲು ಸಂಶೋಧಕರು ಈ ಮಾನದಂಡವನ್ನು ಬಳಸುತ್ತಾರೆ.

ಅಧ್ಯಯನಗಳು

ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದ ಲಿಂಡಾ ಏಕೆನ್ ಮತ್ತು ಸಹೋದ್ಯೋಗಿಗಳು 2002ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದಲ್ಲಿ ಹೆಚ್ಚು ಉಲ್ಲೇಖಗೊಂಡಿದೆ. 168 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ 2,32,342 ರೋಗಿಗಳ ದಾಖಲೆಗಳನ್ನು ಅದು ಪರಿಶೀಲಿಸಿತು. ಶುಶ್ರೂಷಕರೊಬ್ಬರಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ, ದಾಖಲಾದ 30 ದಿನಗಳೊಳಗೆ ರೋಗಿ ಸಾಯುವ ಸಾಧ್ಯತೆ ಶೇ. 7ರಷ್ಟು ಏರುವುದು ಕಂಡುಬಂದಿತು. ರಕ್ಷಣಾ ವೈಫಲ್ಯದ ಸಾಧ್ಯತೆಯೂ ಅಷ್ಟೇ ಏರಿತ್ತು. ಐರೋಪ್ಯ ಒಕ್ಕೂಟದ ಹಣಕಾಸಿನ ನೆರವಿನಿಂದ 9 ದೇಶಗಳ 300 ಆಸ್ಪತ್ರೆಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿಯೂ ಸಾವಿನ ಸಾಧ್ಯತೆಯ ಏರಿಕೆ ಶೇ. 7 ಆಗಿತ್ತು.

ಇವು ವೀಕ್ಷಣಾಧಾರಿತ ಅಧ್ಯಯನಗಳು; ಇವುಗಳಿಂದ ಸಂಬಂಧ ತಿಳಿಯುತ್ತದೆಯಾದರೂ ಕಾರಣವನ್ನು ನೇರವಾಗಿ ಸಾಧಿಸಿದಂತಾಗುವುದಿಲ್ಲ. ಆದ್ದರಿಂದ ಕಾನೂನು ಜಾರಿಯಾದ ಪ್ರದೇಶಗಳ ಅನುಭವಕ್ಕೆ ವಿಶೇಷ ಮಹತ್ವವಿದೆ.

ಕ್ಯಾಲಿಫೋರ್ನಿಯದ ಕಾನೂನು

ಶುಶ್ರೂಷಕರ ಸಂಘಟನೆಗಳ ಒತ್ತಾಯದ ಫಲವಾಗಿ ರೂಪುಗೊಂಡ ಮಸೂದೆಗೆ 1999ರಲ್ಲಿ ರಾಜ್ಯಪಾಲ ಗ್ರೇ ಡೇವಿಸ್ ಸಹಿ ಹಾಕಿದರು. 2004ರ ಜನವರಿ 1ರಿಂದ ಅನುಪಾತಗಳು ಜಾರಿಗೆ ಬಂದವು. ತೀವ್ರ ನಿಗಾ ಘಟಕಕ್ಕೆ 1:2, ಮಕ್ಕಳ ವಿಭಾಗಕ್ಕೆ 1:4 ಎಂದು ನಿಗದಿಯಾಯಿತು. ಸಾಮಾನ್ಯ ವೈದ್ಯಕೀಯ ಮತ್ತು ಶಸ್ತ್ರಚಿಕಿತ್ಸಾ ವಾರ್ಡುಗಳಿಗೆ ಮೊದಲು 1:6 ಇದ್ದು, 2005ರಲ್ಲಿ 1:5ಕ್ಕೆ ಬಿಗಿಗೊಂಡಿತು. ಊಟ, ವಿಶ್ರಾಂತಿಯ ವೇಳೆಯೂ ಸೇರಿದಂತೆ ಎಲ್ಲ ಸಮಯದಲ್ಲೂ ಇದು ಅನ್ವಯಿಸುತ್ತದೆ. ರೋಗಿಗಳ ಸ್ಥಿತಿ ಗಂಭೀರವಾಗಿದ್ದರೆ ಇನ್ನೂ ಹೆಚ್ಚು ಶುಶ್ರೂಷಕರನ್ನು ನಿಯೋಜಿಸಬೇಕು.

ಕ್ಯಾಲಿಫೋರ್ನಿಯವನ್ನು ನ್ಯೂಜೆರ್ಸಿ ಮತ್ತು ಪೆನ್ಸಿಲ್ವೇನಿಯ ರಾಜ್ಯಗಳೊಂದಿಗೆ ಹೋಲಿಸಿದ 2010ರ ಅಧ್ಯಯನವು, ಅದೇ ಅನುಪಾತವಿದ್ದಿದ್ದರೆ ಶಸ್ತ್ರಚಿಕಿತ್ಸಾ ರೋಗಿಗಳ ಸಾವು ನ್ಯೂಜೆರ್ಸಿಯಲ್ಲಿ ಶೇ. 13.9ರಷ್ಟು, ಪೆನ್ಸಿಲ್ವೇನಿಯದಲ್ಲಿ ಶೇ. 10.6ರಷ್ಟು ಕಡಿಮೆಯಾಗುತ್ತಿತ್ತು ಎಂದು ಅಂದಾಜಿಸಿತು.

ಇತರ ದೇಶಗಳು

ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ರಾಜ್ಯವು 2016ರ ಜುಲೈನಲ್ಲಿ 27 ಸರ್ಕಾರಿ ಆಸ್ಪತ್ರೆಗಳ ವಾರ್ಡುಗಳಿಗೆ ಹಗಲಿನ ಪಾಳಿಗಳಲ್ಲಿ 1:4, ರಾತ್ರಿ 1:7 ಸರಾಸರಿಯನ್ನು ಕಡ್ಡಾಯಗೊಳಿಸಿತು. ರೋಗಿಗಳು ಮತ್ತೆ ದಾಖಲಾಗುವುದು ತಗ್ಗಿದ್ದರಿಂದ ಹಾಗೂ ಆಸ್ಪತ್ರೆವಾಸದ ಅವಧಿ ಇಳಿದಿದ್ದರಿಂದ ಉಳಿತಾಯವಾದ ಹಣವು ಹೆಚ್ಚುವರಿ ಶುಶ್ರೂಷಕರಿಗೆ ತಗುಲಿದ ವೆಚ್ಚದ ಎರಡು ಪಟ್ಟಿಗಿಂತ ಅಧಿಕವೆಂದು 2021ರ ಅಧ್ಯಯನವೊಂದು ಲೆಕ್ಕ ಹಾಕಿತು. ಯುನೈಟೆಡ್ ಕಿಂಗ್‌ಡಮ್‌ನ ವೇಲ್ಸ್ 2016ರಲ್ಲಿ ಶುಶ್ರೂಷಕರ ಸಂಖ್ಯೆಯ ಕುರಿತು ಕಾಯಿದೆ ಮಾಡಿತು. ಇಂಗ್ಲೆಂಡಿನಲ್ಲಿ ಕಡ್ಡಾಯ ಅನುಪಾತವಿಲ್ಲ; ಆದರೆ ಹಗಲಿನಲ್ಲಿ ಒಬ್ಬರಿಗೆ 8ಕ್ಕಿಂತ ಹೆಚ್ಚು ರೋಗಿಗಳಿದ್ದರೆ ಅಪಾಯ ಹೆಚ್ಚುತ್ತದೆ ಎಂದು 2014ರ ಮಾರ್ಗಸೂಚಿ ಎಚ್ಚರಿಸುತ್ತದೆ.

ಭಾರತದಲ್ಲಿ

ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಂತೆ ಬೋಧನಾ ಆಸ್ಪತ್ರೆಗಳಲ್ಲಿ 1:3, ಸಾಮಾನ್ಯ ಆಸ್ಪತ್ರೆಗಳಲ್ಲಿ 1:5 ಅನುಪಾತವಿರಬೇಕು. ರಜೆಗಳನ್ನು ತುಂಬಲು ಶೇ. 30ರಷ್ಟು ಹೆಚ್ಚುವರಿ ಸಿಬ್ಬಂದಿ ಬೇಕು. ಮಂಜೂರಾದ ಹುದ್ದೆಗಳ ಸಂಖ್ಯೆಯೂ ಪಾಳಿಯಲ್ಲಿ ಹಾಜರಿರುವವರ ಸಂಖ್ಯೆಯೂ ಒಂದೇ ಅಲ್ಲ. ಉದಾಹರಣೆಗೆ, 30 ಹಾಸಿಗೆಗಳ ವಾರ್ಡಿನಲ್ಲಿ ಮೂರೂ ಪಾಳಿಗಳಲ್ಲಿ 1:5 ಇರಬೇಕಾದರೆ ದಿನಕ್ಕೆ 18 ಜನ ಬೇಕು. ರಜೆಯ ಪಾಲು ಸೇರಿದರೆ ಸುಮಾರು 24. ಬರಿಯ 6 ಹುದ್ದೆಗಳಿದ್ದರೆ ಕಾಗದದ ಮೇಲೆ 1:5 ಕಂಡರೂ ರಾತ್ರಿ ಪಾಳಿಯಲ್ಲಿ ಒಬ್ಬಿಬ್ಬರಷ್ಟೇ ಉಳಿಯುತ್ತಾರೆ.

ಅನೇಕ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಕೊರತೆಯನ್ನು ರೋಗಿಯ ಮನೆಯವರೇ ತುಂಬುತ್ತಾರೆ. ಊಟ ಮಾಡಿಸುವುದು, ಶುಚಿಗೊಳಿಸುವುದು ಅವರಿಂದ ಸಾಧ್ಯ. ಅಪಾಯದ ಆರಂಭಿಕ ಲಕ್ಷಣಗಳನ್ನು ಗುರುತಿಸಲು ಮಾತ್ರ ತರಬೇತಿ ಅಗತ್ಯ.

ಆಕ್ಷೇಪಗಳು

ಕಡ್ಡಾಯ ಅನುಪಾತದಿಂದ ವೆಚ್ಚ ಹೆಚ್ಚುತ್ತದೆ, ಶುಶ್ರೂಷಕರು ಸಿಗದ ಕಡೆ ವಾರ್ಡುಗಳನ್ನೇ ಮುಚ್ಚಬೇಕಾಗುತ್ತದೆ ಎಂಬುದು ಆಸ್ಪತ್ರೆಗಳ ಆಡಳಿತಗಳ ವಾದ. ರೋಗಿಗಳ ಅಗತ್ಯ ಗಂಟೆಗಂಟೆಗೂ ಬದಲಾಗುವಾಗ ಒಂದೇ ಅಂಕಿಯನ್ನು ನಿಗದಿಪಡಿಸುವುದು ಸರಿಯಲ್ಲವೆಂಬ ಅಭಿಪ್ರಾಯವೂ ಇದೆ. ಕ್ಯಾಲಿಫೋರ್ನಿಯದಲ್ಲಿ ಕಾನೂನು ಜಾರಿಯಾದ ಮೊದಲ ವರ್ಷಗಳಲ್ಲಿ ರೋಗಿಗಳು ಬೀಳುವುದು ಹಾಗೂ ಹಾಸಿಗೆ ಹುಣ್ಣುಗಳು ನಿರೀಕ್ಷೆಯಂತೆ ಇಳಿಯಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ವರದಿಯು ಜಗತ್ತಿನಲ್ಲಿ 59 ಲಕ್ಷ ಶುಶ್ರೂಷಕರ ಕೊರತೆಯನ್ನು ಅಂದಾಜಿಸಿದೆ. ಅನುಪಾತವನ್ನು ಪಾಲಿಸಲು ನೇಮಕಾತಿಯ ಜೊತೆಗೆ ಶಿಕ್ಷಣ, ವೇತನ ಮತ್ತು ಕೆಲಸದ ಪರಿಸ್ಥಿತಿಯೂ ಸುಧಾರಿಸಬೇಕಾಗುತ್ತದೆ.