ಕರದಂಟಿನಲ್ಲಿ ದಂಟೆಲ್ಲಿ?

ಗೋಕಾಕಕ್ಕೋ ಅಮೀನಗಡಕ್ಕೋ ಹೋದವರು ಪಾಪಿನಾಯಕನಹಳ್ಳಿಗೆ ವಾಪಸ್ ಬರುವಾಗ ಕರದಂಟಿನ ಡಬ್ಬಿ ತರ್ತಾರೆ. ಹೆಸರು ಕೇಳಿದ್ರೆ ದಂಟಿನ ಸೊಪ್ಪು ನೆನಪಾಗುತ್ತೆ, ಅಲ್ವಾ? ಆದ್ರೆ ವೀಕ್ಷಕರೇ, ಅದರಲ್ಲಿ ದಂಟೂ ಇಲ್ಲ, ಸೊಪ್ಪೂ ಇಲ್ಲ!

ನಾವು ಪದ ಒಡೆಯೋ ಜಾಗವೇ ತಪ್ಪು. ಅದು ಕರ-ದಂಟು ಅಲ್ಲ, ಕರಿದ ಅಂಟು. ಮರದ ಅಂಟನ್ನು ತುಪ್ಪದಲ್ಲಿ ಕರಿದರೆ ಅರಳಿನ ಹಾಗೆ ಉಬ್ಬುತ್ತೆ. ಅದಕ್ಕೆ ಬೆಲ್ಲದ ಪಾಕ, ಒಣಕೊಬ್ಬರಿ, ಗೋಡಂಬಿ, ಉತ್ತತ್ತಿ ಸೇರಿದರೆ ಜಗಿದಷ್ಟೂ ರುಚಿ. ಬಾಣಂತಿಗೆ ಕೊಡುವ ಅಂಟಿನುಂಡಿಗೂ ಇದೇ ಅಂಟು.

ನಮ್ಮ ಹಿರಿಯರು ಹೆಸರಲ್ಲೇ ಅಡುಗೆ ಬರೆದಿಟ್ಟರು. ನಾವು ಅದನ್ನ 'ಡ್ರೈಫ್ರೂಟ್ ಸ್ವೀಟ್' ಅಂತ ಕರೆದರೆ ಗೋಡಂಬಿ ಉಳಿಯುತ್ತೆ, ಅಂಟು ಮರೆತುಹೋಗುತ್ತೆ. ಮುಂದಿನ ಸಲ ಡಬ್ಬಿ ತೆಗೆದಾಗ, ಮೊದಲು ಅಂಟು ಹುಡುಕಿ.